ಅರ್ಧ ಖಾಲಿ ಬಿಟ್ಟ ಹಾಳೆ

ಕಳೆದ ವಾರ ಒಂದು ಬೆಳಿಗ್ಗೆ ತೊಗರಿಬೇಳೆ ಡಬ್ಬಕ್ಕೆ ದರದ ಚೀಟಿ ಅಂಟಿಸಬೇಕಿತ್ತು. ಕಾಗದಕ್ಕಾಗಿ ಕಪಾಟಿನ ಮೇಲಿದ್ದ ಪೆಟ್ಟಿಗೆಗೆ ಕೈ ಹಾಕಿದರೆ ಸಿಕ್ಕಿದ್ದು ಐದೈದು ಗೆರೆಗಳ ದಪ್ಪ ಹಾಳೆ. ಮೇಲರ್ಧ ಕಪ್ಪು ಮಸಿಯ ಸ್ವರಗಳು, ಕೆಳಗರ್ಧ ಪೂರ್ತಿ ಖಾಲಿ. ಕತ್ತರಿ ಇಡಬೇಕು, ಅಷ್ಟರಲ್ಲಿ ಆ ಮಸಿಯ ವಾಸನೆ...

ಮಹಡಿ ಮೇಷ್ಟ್ರ ಹಾಳೆ ಅದು. ಜಪಾನಿನ ಫುನಾಬೊರಿಯಲ್ಲಿ ನನ್ನ ದಿನಸಿ ಅಂಗಡಿಯ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದ ಜಪಾನಿ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿ, ಬಡಾವಣೆಯ ಹವ್ಯಾಸಿ ವಾದ್ಯವೃಂದ ನಡೆಸುತ್ತಿದ್ದರು. ಮೈಸೂರಿನಲ್ಲಿ ನೆಲದ ಮೇಲೆ ಕೂತು ಪಿಟೀಲು ಕಲಿತಿದ್ದ ನನ್ನ ಹೆಂಡತಿಯನ್ನು ಕುರ್ಚಿಗೇರಿಸಿ, ಗಲ್ಲಕ್ಕೆ ಪಿಟೀಲು ಒತ್ತಿಸಿ ಆ ಗುಂಪಿಗೆ ಸೇರಿಸಿಕೊಂಡವರು ಅವರೇ.

ಅವರ ತಲೆಯಲ್ಲಿ ಇದ್ದವನು ಒಬ್ಬನೇ: ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಸ್ವೀಡನ್ನಿನವನು. ರಾಜನ ಆಸ್ಥಾನದ ವಾದ್ಯವೃಂದದಲ್ಲಿ ಹಿಂದಿನ ಸಾಲಿನ ಪಿಟೀಲುಗಾರನಾಗಿ ಶುರುಮಾಡಿ, ಅದನ್ನೇ ಮುನ್ನಡೆಸುವ ಮಟ್ಟಕ್ಕೆ ಏರಿದ್ದನಂತೆ. ಹಗಲೆಲ್ಲ ರಾಜ ಮೆಚ್ಚಿದ ಹೊರನಾಡಿನವರ ಒಪೆರಾಗಳ ತಾಲೀಮು. ತನ್ನದೇನಿದ್ದರೂ ಮನೆಗೆ ಬಂದು ಬರೆಯಬೇಕು. ರಾಜ ಹೋದ, ಹೊಸಬರಿಗೆ ಹೊಸ ರುಚಿ ಬಂತು. ಅವನ ಸಿಂಫನಿಗಳು ಅಚ್ಚೂ ಆಗದೆ ಗ್ರಂಥಾಲಯದ ಕಪಾಟು ಸೇರಿದವು.

“ಬೇರೆಯವರದ್ದನ್ನೆಲ್ಲ ನುಡಿಸಿಕೊಟ್ಟ. ಅವನದ್ದನ್ನ ನುಡಿಸೋರು ಯಾರು? ನಾವು,” ಎನ್ನುತ್ತಿದ್ದರು ಮೇಷ್ಟ್ರು.

ಒಂದು ಸಿಂಫನಿಯ ಹಸ್ತಪ್ರತಿಯ ನಕಲು ತರಿಸಿ, ಪ್ರತಿಯೊಂದು ವಾದ್ಯದ ಪಾಲನ್ನೂ ಬೇರೆ ಬೇರೆಯಾಗಿ ಕೈಯಲ್ಲೇ ಬರೆದರು. ಎಷ್ಟೋ ಹಾಳೆಗಳು ಅರ್ಧಕ್ಕೇ ನಿಂತಿದ್ದವು. ನನಗೆ ತಡೆಯಲಿಲ್ಲ. “ಸೆನ್ಸೇ, ಹಾಳೆ ತುಂಬ ಬರೆದರೆ ಕಾಗದ ಅರ್ಧ ಉಳಿಯುತ್ತೆ,” ಎಂದೆ.

“ಪುಟ ತಿರುಗಿಸೋದಕ್ಕೆ ನಿಮ್ಮ ಹೆಂಡತಿಗೆ ಮೂರನೇ ಕೈ ಇದೆಯಾ, ತೆಂಚೋ-ಸಾನ್?” ಅಂಗಡಿಯವನಾದ ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ. “ಅವರ ಪಿಟೀಲಿಗೆ ಎಲ್ಲಿ ಬಿಡುವು ಬರುತ್ತೋ ಅಲ್ಲಿಗೇ ಪುಟ ಮುಗೀಬೇಕು.”

ಅಷ್ಟು ಬರೆದಾದ ಮೇಲೆ ವೃಂದದ ಸಮಿತಿ ಕೈ ಎತ್ತಿತು. ಹೆಸರೇ ಕೇಳದವನಿಗೆ ಜನ ಬರುವುದಿಲ್ಲ, ಎಲ್ಲರಿಗೂ ಗೊತ್ತಿರುವುದನ್ನೇ ನುಡಿಸೋಣ ಎಂದರು. ಒಪ್ಪದಿದ್ದರೆ ಸಭಾಂಗಣವಿಲ್ಲ. ನನಗೂ ಅದು ಸರಿಯೆನಿಸಿತು. ವ್ಯಾಪಾರ ಕಲಿಸಲು ಹೋದೆ: “ಗೊತ್ತಿರೋದನ್ನ ಮುಂದೆ ಇಡಿ, ನಿಮ್ಮವನನ್ನ ಮಧ್ಯದಲ್ಲಿ ಸೇರಿಸಿಬಿಡಿ. ನಾನು ಅಕ್ಕಿ ಜೊತೆ ಚಕ್ಕುಲಿ ಕೊಡಲ್ವಾ?”

ಅವರು ಅಂಗಡಿಯ ಮೂಲೆಯತ್ತ ಬೆರಳು ತೋರಿಸಿದರು. “ಆ ಬ್ಯಾಡಗಿ ಮೆಣಸಿನಕಾಯಿ ಯಾರು ತಗೋತಾರೆ?”

“ಮೂರು ಮನೆಯವರು.”

“ಆದರೂ ತರಿಸ್ತೀರಿ.”

ಹಿಂದಿನಿಂದ ಹೆಂಡತಿ ಕಿಸಕ್ಕನೆ ನಕ್ಕಳು. “ಏನ್ರೀ, ಸಿಕ್ಕಿಬಿದ್ರಾ? ಹೋಗಿ ಒಂದು ಜಾಗ ನೋಡಿ, ಅಡ್ವೈಸ್ ಆಮೇಲೆ ಕೊಡೋರಂತೆ!”

ನೋಡಿದೆ. ಹಿಂದಿನ ಬೀದಿಯಲ್ಲಿ ಊರವರೆಲ್ಲ ಸ್ನಾನಕ್ಕೆ ಹೋಗುವ ಹಳೆಯ ಸ್ನಾನಗೃಹವಿತ್ತು, ಬುಧವಾರ ರಜೆ. ಅದರ ಯಜಮಾನಿಗೆ ನಮ್ಮ ಚಹಾ ಮಸಾಲೆಯ ಹುಚ್ಚು. ಈ ದೇಶದಲ್ಲಿ ಚೌಕಾಸಿ ನಡೆಯದು ಎನ್ನುವವರಿಗೆ ಒಂದು ಮಾತು: ದರ ಕೇಳಬೇಡಿ, ಅವರಿಗೆ ಏನು ಬೇಕೆಂದು ಕೇಳಿ. ಮೂರು ಡಬ್ಬ ಮಸಾಲೆಗೆ ಒಂದು ಬುಧವಾರ ನಮ್ಮದಾಯಿತು.

ಸಮಿತಿಯ ಮಾತು ಮೀರಿ ಬಂದ ಹನ್ನೊಂದು ಜನ, ನನ್ನ ಹೆಂಡತಿಯೂ ಸೇರಿ, ನೀರಿಲ್ಲದ ತೊಟ್ಟಿಯೊಳಗೆ ಕುರ್ಚಿ ಹಾಕಿಕೊಂಡು ಕೂತರು. ಹಿಂದೆ ಗೋಡೆ ತುಂಬ ಫುಜಿ ಪರ್ವತದ ಚಿತ್ರ. ಎದುರಿಗೆ ಸ್ನಾನದ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ನಾವು ಒಂದಷ್ಟು ಮಂದಿ. ಮೇಷ್ಟ್ರು ಕಪ್ಪು ಕೋಟಿನಲ್ಲಿ ಬರಿಗಾಲಲ್ಲಿ ನಿಂತು ತಾಳದ ಕೋಲೆತ್ತಿದರು. ಸಂಗೀತ ನನಗೆ ಅಷ್ಟಾಗಿ ತಿಳಿಯದು. ಆದರೆ ಆ ಟೈಲ್ಸ್ ಗೋಡೆಗಳ ನಡುವೆ ಹನ್ನೊಂದು ಜನರ ನಾದ ನೂರು ಜನರದ್ದಾಗಿತ್ತು. ಒಬ್ಬರಾದ ಮೇಲೆ ಒಬ್ಬರು ಪುಟ ತಿರುಗಿಸುತ್ತಿದ್ದರು, ಒಂದು ಸ್ವರವೂ ಬಿಟ್ಟುಹೋಗದಂತೆ... ಆಗ ಅರ್ಥವಾಯಿತು, ಆ ಖಾಲಿ ಜಾಗ ದಂಡವಾಗಿರಲಿಲ್ಲ.

ಮರುವರ್ಷ ಮೇಷ್ಟ್ರು ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ನೆಂಟರು ಆ ಹಾಳೆಗಳನ್ನೆಲ್ಲ ಹಗ್ಗದಲ್ಲಿ ಕಟ್ಟಿ ಹಳೆ ಪೇಪರಿನ ಗಾಡಿಗೆಂದು ಕೆಳಗಿಟ್ಟಿದ್ದರು. ಹೊತ್ತೊಯ್ಯಲು ಬಿಡದೆ ಅಡ್ಡ ನಿಂತೆ. ಹಳೆ ಪೇಪರಿಗೆ ಇಲ್ಲಿ ಕೊಡುವುದು ದುಡ್ಡಲ್ಲ; ಗಾಡಿಯವನು ಕಟ್ಟಿನ ಬದಲಿಗೆ ಟಾಯ್ಲೆಟ್ ಪೇಪರ್ ಸುರುಳಿ ಚಾಚಿದ. ನಾನು ಅಲುಗದಿದ್ದಾಗ ಇನ್ನೂ ಎರಡು ಸೇರಿಸಿದ. ಜೀವಮಾನದಲ್ಲಿ ಎಷ್ಟು ಕೊಟ್ಟರೂ ಬೇಡವೆಂದು ವ್ಯಾಪಾರ ಮುರಿದದ್ದು ಅದೊಂದೇ ಸಲ; ಕಟ್ಟನ್ನು ಒಳಗೆ ಹೊತ್ತು ತಂದೆ.

ಆ ಬೆಳಿಗ್ಗೆ ದರದ ಚೀಟಿಯನ್ನು ಸಿಗರೇಟು ಪೊಟ್ಟಣದ ರಟ್ಟಿನ ಮೇಲೆ ಬರೆದೆ. ಹಾಳೆ ನೋಡಿದ ಹೆಂಡತಿ ಕಪಾಟಿನ ಮೇಲಿಂದ ಪಿಟೀಲು ಇಳಿಸಿದಳು. ಈಗ ದಿನಾ ಸಂಜೆ ಅಂಗಡಿಯ ಹಿಂದೆ ತನ್ನ ಪಾಲನ್ನಷ್ಟೇ ನುಡಿಸುತ್ತಾಳೆ. ಬಿಡುವು ಬಂದಲ್ಲಿ ನಿಲ್ಲಿಸಿ, ಪುಟ ತಿರುಗಿಸಿ, ಇನ್ನೂ ಹತ್ತು ಜನ ನುಡಿಸುತ್ತಿರುವಂತೆ ತಾಳ ಎಣಿಸುತ್ತಾಳೆ. ಅವರು ಯಾರೂ ಇಲ್ಲ, ಕೋಲೆತ್ತಬೇಕಾದವರೂ ಇಲ್ಲ.

ನಿನ್ನೆ ಸಂಜೆ ಅಂಥ ಒಂದು ಬಿಡುವಿನಲ್ಲಿ ಗಿರಾಕಿಯೊಬ್ಬರು ಕೇಳಿದರು, “ಯಾಕೆ ಸಾರ್, ನಿಂತೋಯ್ತು?”

“ನಿಂತಿಲ್ಲ,” ಎಂದೆ. “ಇರಿ.”