ಟೀವಿ ಜಡ್ಜು ಕೊಟ್ಟ ಎಲೆ ಅಡಿಕೆ

ರಾಬರ್ಟ್‌ಸನ್‌ಪೇಟೆಯ ನಮ್ಮ ಬೀದಿಯಲ್ಲೇ, ನಮ್ಮ ಎದುರು ಮನೆಯಲ್ಲಿದ್ದ ವಕೀಲರು ಈಗ ಟೀವಿಯಲ್ಲಿ ಜಡ್ಜು. ಮಧ್ಯಾಹ್ನ ಊಟವಾದ ಮೇಲೆ ನಮ್ಮತ್ತೆ ಕಾಲು ಚಾಚಿ ಕೂತು ಆ ಕಾರ್ಯಕ್ರಮ ಹಾಕುತ್ತಾರೆ. ಎತ್ತರದ ಪೀಠ, ಹಿಂದೆ ತಕ್ಕಡಿ ಹಿಡಿದ ಬೊಂಬೆ, ಕೈಯಲ್ಲಿ ಮರದ ಸುತ್ತಿಗೆ. ಮಾತಿಗೊಂದು ಸಲ ಅದನ್ನು ಕುಟ್ಟುತ್ತಾರೆ. ಬಂಗಾರಪೇಟೆ ಕೋರ್ಟಿಗೆ ನಾನು ಹೋಗಿ ಬಂದಿದ್ದೇನೆ. ಅಲ್ಲಿ ಜಡ್ಜ್ ಮುಂದೆ ಫೈಲಿತ್ತು, ಪೆನ್ನಿತ್ತು, ನೀರಿನ ಲೋಟ ಇತ್ತು. ಸುತ್ತಿಗೆ ಬೇಕಾದವರು ಬಡಗಿಯ ಹತ್ತಿರ ಹೋಗುತ್ತಾರೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಯಾರ ಬಗ್ಗೆಯಾದರೂ ಕೆಟ್ಟದ್ದು ಆಡುವ ಮೊದಲು ಅವರ ಮೂರು ಒಳ್ಳೆಯ ಗುಣ ನೆನೆಯಿರಿ ಎಂದು ನಮಗೆ ನೀತಿಪಾಠದ ಸಿಸ್ಟರ್ ಹೇಳಿಕೊಟ್ಟಿದ್ದರು. ಪ್ರಯತ್ನಪಟ್ಟಿದ್ದೇನೆ. ಧ್ವನಿ ಚೆನ್ನಾಗಿದೆ. ಬೀದಿನಾಯಿಗಳಿಗೆ ಬಿಸ್ಕತ್ತು ಹಾಕುತ್ತಾರೆ. ಮೂರನೆಯದನ್ನು ಇನ್ನೂ ಹುಡುಕುತ್ತಿದ್ದೇನೆ.

ವಕೀಲಿಕೆ ಮಾಡುವಾಗ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಬಂದವರು ನಮ್ಮ ಕಾಂಪೌಂಡಿನ ನೆರಳಲ್ಲಿ ಕಾಯುತ್ತಿದ್ದರು, ಅವರಿಗೆ ನೀರು ಕೊಡುವುದು ನನ್ನ ಪಾಲಿಗೆ ಬರುತ್ತಿತ್ತು. ಕಿಟಕಿ ತೆರೆದಿದ್ದರೆ ಒಳಗಿನ ಮಾತು ಕೇಳುತ್ತಿತ್ತು. ಎದುರಿಗಿದ್ದವರು ಎರಡು ವಾಕ್ಯ ಮುಗಿಸುವ ಹೊತ್ತಿಗೆ ಇವರು, "ಗೊತ್ತಾಯ್ತು, ಗೊತ್ತಾಯ್ತು." ಏನು ಗೊತ್ತಾಗುತ್ತಿತ್ತೋ. ಹೊಲಕ್ಕೆ ಹೋಗುವ ದಾರಿಯ ತಕರಾರು ಹೇಳಲು ಬಂದ ಮುದುಕರೊಬ್ಬರಿಂದ, ಮಗ ಊಟ ಹಾಕುತ್ತಿಲ್ಲ ಎಂಬ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಆ ಮುದುಕರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದವನು ಆ ಮಗನೇ. ಪಾಪ, ಹೊರಗೆ ನಿಂತು ನಮ್ಮ ಮನೆಯ ನೀರು ಕುಡಿಯುತ್ತಿದ್ದ.

ಟೀವಿಯವರಿಗೆ ಇವರು ಸಿಕ್ಕಿದ್ದು ಆಕಸ್ಮಿಕ. ಕಾನೂನು ಸಲಹೆಯ ಕಾರ್ಯಕ್ರಮವೊಂದಕ್ಕೆ ಬರಬೇಕಿದ್ದ ಯಾರೋ ಬರಲಿಲ್ಲವಂತೆ, ಇವರನ್ನು ಕೂರಿಸಿದರು. ಕೇಳದೆ ಮಾತಾಡುವ ಗುಣ ಕೋರ್ಟಿನಲ್ಲಿ ನಡೆಯದಿದ್ದರೂ ಅಲ್ಲಿ ಚೆನ್ನಾಗಿ ನಡೆಯಿತು. ಮುಂದಿನ ವರ್ಷ ಮೀಸೆ ಕಪ್ಪಾಯಿತು, ಮನೆ ಬೆಂಗಳೂರಿಗೆ ಹೋಯಿತು, ಇವರು ನ್ಯಾಯಾಧೀಶರಾದರು. ಓದಿ ಪರೀಕ್ಷೆ ಬರೆದು ಆ ಕುರ್ಚಿಗೆ ಬರುವವರೂ ಇದ್ದಾರೆ ಎಂದು ನಮ್ಮತ್ತೆಗೆ ಹೇಳಿ ನೋಡಿದೆ. "ನಿನಗೆ ಹೊಟ್ಟೆಕಿಚ್ಚು" ಎಂದರು.

ನಮ್ಮ ಮನೆಗೆ ಸೊಪ್ಪು ತರುವ ಹೆಂಗಸಿನ ಊರು ಬಂಗಾರಪೇಟೆಯ ದಾರಿಯಲ್ಲಿದೆ. ಇನ್ನೂ ಚಿಕ್ಕ ವಯಸ್ಸು. ಗಂಡ ಕುಡಿದು ಹೊಡೆಯುತ್ತಾನೆಂದು ಮಗಳನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಒಂದು ದಿನ ಅವಳ ಅತ್ತೆ ಅಂಗನವಾಡಿಯಿಂದಲೇ ಮಗುವನ್ನು ಕರೆದುಕೊಂಡು ಹೋದವಳು ತಿರುಗಿ ಕೊಡಲಿಲ್ಲ. ಬಂಗಾರಪೇಟೆ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಪ್ರತಿ ವಾಯಿದೆಗೂ ಗಂಡನ ಕಡೆಯವರು ಮಗುವನ್ನು ಕರೆತರಬೇಕು, ತಾಯಿ ಜಗಲಿಯಲ್ಲಿ ಮಗುವಿನ ಜೊತೆ ಕೂತಿರಬಹುದು ಎಂದು ಆದೇಶವಾಗಿತ್ತು. ಅವಳಿಗೆ ಮಗಳ ಮುಖ ಕಾಣುತ್ತಿದ್ದದ್ದು ಆ ದಿನಗಳಲ್ಲಿ ಮಾತ್ರ. ವಾಯಿದೆಯ ದಿನ ಸೊಪ್ಪು ಬರುವುದಿಲ್ಲ ಎಂದು ನಮ್ಮ ಬೀದಿಗೆಲ್ಲ ಗೊತ್ತಿತ್ತು.

ಇಂಥ ಜಗಳಗಳನ್ನು ಹುಡುಕಿಕೊಂಡು ಟೀವಿಯವರು ಹಳ್ಳಿಗಳಿಗೆ ಬರುತ್ತಾರೆಂದು ನನಗೆ ತಿಳಿದಿರಲಿಲ್ಲ. ಎರಡೂ ಕಡೆಯವರನ್ನು ಕಾರಿನಲ್ಲಿ ಕರೆದೊಯ್ದರು. ನಮ್ಮತ್ತೆ ಆ ದಿನದ ಕಂತನ್ನು ಪಕ್ಕದ ಮನೆಯವರನ್ನೂ ಕರೆಸಿ ನೋಡಿದರು. ಅವಳು ಎದ್ದು ನಿಂತು, "ನನ್ ಮಗೀನ ಅಂಗನವಾಡಿ ತಾವ್ಲಿಂದ" ಎಂದಳು, ಅಷ್ಟೆ. "ಗೊತ್ತಾಯ್ತಮ್ಮ" ಎಂದರು ಜಡ್ಜು. ಆಮೇಲೆ ಮಾತೆಲ್ಲ ಅವರದೇ. ಹೆಣ್ಣು ಬಗ್ಗಬೇಕು, ಅತ್ತೆಯ ಕಾಲು ಹಿಡಿಯಬೇಕು, ಮಗು ಅಪ್ಪನ ಮನೆಯಲ್ಲೇ ಇರಲಿ, ಮಗು ಬೇಕೆಂದರೆ ನೀನೇ ಅಲ್ಲಿಗೆ ಹೋಗಿ ಬಾಳು. ಅವಳು ಅತ್ತಳು. ಪೌಡರು ಕೆಡದ ಹಾಗೆ ಇವರು ಕರ್ಚೀಫನ್ನು ಕಣ್ಣಿನ ಕೆಳಗೆ ಮೆಲ್ಲಗೆ ಒತ್ತಿಕೊಂಡರು. ಸುತ್ತಿಗೆ ಬಿತ್ತು. ಹಿತ್ತಾಳೆ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಗಂಡನ ಕೈಗೊಂದು ಪಾಲು, ಇವಳ ಕೈಗೊಂದು ಪಾಲು ಕೊಟ್ಟರು. ಹಿನ್ನೆಲೆಯಲ್ಲಿ ಕೊಳಲು ನುಡಿಯಿತು.

ವಾಯಿದೆಯ ದಿನ ಬಂತು. ಬೆಳಿಗ್ಗೆ ಗೇಟಿನ ಹತ್ತಿರ, "ಸೊಪ್ಪೂ" ಎಂಬ ಕೂಗು.

"ಇವತ್ತು ಕೋರ್ಟು ಅಲ್ವೇನೇ?" ಎಂದೆ.

"ಇನ್ನೆಲ್ಲಿ ಕೋರ್ಟಮ್ಮಾ. ತೀರ್ಪಾಯ್ತಲ್ಲ. ಓದ್ ಸಲಾನೂ ಓಗ್ನಿಲ್ಲ, ಮನೇಲೇ ಕುಂತಿದ್ದೆ."

"ಅದು ಟೀವಿ ಕಣೇ. ನಾಟಕ ಇದ್ದ ಹಾಗೆ."

"ನಾಟಕ್ದಾಗೆ ನಿಜವಾದ್ ಎಲೆಅಡಿಕೆ ಕೊಡ್ತಾರಾ? ಅಷ್ಟ್ ಜನದ ಮುಂದೆ ಕೈ ಒಡ್ಡಿ ಇಸ್ಕೊಂಡಿವ್ನಿ."

ಅವರ ಊರಿನ ಪದ್ಧತಿ ಅದು. ಹಿರಿಯರು ನ್ಯಾಯಕ್ಕೆ ಕೂತು ಕೊನೆಯಲ್ಲಿ ಎರಡೂ ಕಡೆಗೆ ಎಲೆ ಅಡಿಕೆ ಕೊಡುತ್ತಾರೆ. ತೆಗೆದುಕೊಂಡರೆ ಒಪ್ಪಿದ ಹಾಗೆ. ಒಪ್ಪಿದ ಮೇಲೆ ಇನ್ನೊಂದು ಬಾಗಿಲು ತಟ್ಟಿದರೆ ಕೂತವರಿಗೆಲ್ಲ ಅವಮಾನ, ನಾಳೆ ಮದುವೆ ಸಾವಿಗೂ ಯಾರೂ ಬರುವುದಿಲ್ಲ.

"ಇಸ್ಕೊಳ್ದೆ ಇರಬಹುದಿತ್ತಲ್ಲ" ಎಂದೆ, ಸುಮ್ಮನೆ.

"ಪೀಠದಾಗೆ ಕುಂತೋರು ಕೈ ಚಾಚಿದ್ರೆ ಎಂಗಮ್ಮಾ ಬ್ಯಾಡ ಅನ್ನೋದು? ಈಗ ಆ ಮನೆಗೆ ಓದ್ರೆ ಜೀವ ಉಳಿಯಲ್ಲ. ಕೋರ್ಟಿಗೆ ಓದ್ರೆ ಮರ್ಯಾದೆ ಉಳಿಯಲ್ಲ. ಮೂರು ಕಟ್ಟು ದಂಟು ಕೊಡ್ಲಾ, ಎರಡು ಸಾಕಾ?"

ಅದೇ ಭಾನುವಾರ ಜಡ್ಜು ಸಾಹೇಬರು ಊರಿಗೆ ಬಂದರು. ಪೇಟೆಯ ಅಂಗಡಿಯವರು ಸನ್ಮಾನ ಇಟ್ಟುಕೊಂಡಿದ್ದರು. ಹಳೆಯ ಮನೆಯ ಬೀಗ ತೆಗೆದಿದ್ದು ಕಂಡು ಹೋದೆ. ಹೆಗಲಲ್ಲಿ ಶಾಲು ಹಾಗೇ ಇತ್ತು. ಮೀಸೆಯ ಬುಡದಲ್ಲಿ ಬಿಳಿ ಗೆರೆ ಕಾಣುತ್ತಿತ್ತು.

"ಬನ್ನಿ ಮೇಡಂ. ಶೋ ನೋಡ್ತೀರಾ?"

ಸೊಪ್ಪಿನವಳ ವಿಷಯ ಹೇಳಿದೆ.

"ಯಾವ ಎಪಿಸೋಡು ಅದು? ನಾನು ಅತ್ತಿದ್ದಾ?"

"ಅಳಲಿಲ್ಲ. ಕರ್ಚೀಫು ಒತ್ತಿಕೊಂಡಿರಿ."

ನಕ್ಕರು. ನಾನು ಕೇಳಿದ್ದು ಚಿಕ್ಕದು. ಅದು ತೀರ್ಪಲ್ಲ, ಕೋರ್ಟಿಗೆ ಹೋಗು ಎಂದು ಫೋನಿನಲ್ಲಿ ಅವಳಿಗೆ ಒಂದು ಮಾತು ಹೇಳಿದರೆ ಸಾಕು.

"ನಾನು ಹಾಗೆಲ್ಲ ಹೇಳೋ ಹಾಗಿಲ್ಲ ಮೇಡಂ. ಜನ ನನ್ನ ಜಡ್ಜು ಅಂತ ನಂಬಿದಾರೆ."

"ನೀವು ಜಡ್ಜಲ್ಲವಲ್ಲ."

"ಅದಕ್ಕೇ ಹೇಳೋ ಹಾಗಿಲ್ಲ ಅಂದಿದ್ದು."

ಇಷ್ಟು ನೇರವಾದ ಮಾತು ಅವರ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ. ಎಲೆ ಅಡಿಕೆ ಯಾಕೆ ಕೊಟ್ಟಿರಿ ಎಂದರೆ, ಅದು ಸೆಟ್ಟಿನವರ ಐಡಿಯಾ, ಹಳ್ಳಿ ಕಳೆ ಬರಲಿ ಅಂತ ಎಂದರು. ಮಾತಿಗೆ ಉತ್ಸಾಹ ಬಂದು, "ದಿನಕ್ಕೆ ನಾಕು ಎಪಿಸೋಡಿಗೆ ಒಂದೇ ತಟ್ಟೆ ಮೇಡಂ. ಶಾಟ್ ಆದ ತಕ್ಷಣ ವಾಪಸ್ ಇಸ್ಕೊಂಡು ನೀರು ಚಿಮುಕಿಸಿ ಇಡ್ತಾರೆ. ಬಾಡೋದೇ ಇಲ್ಲ" ಎಂದರು. ಹೊರಡುವಾಗ ಸಹಿ ಹಾಕಿದ ತಮ್ಮ ಫೋಟೋ ಒಂದನ್ನು ಅತ್ತೆಗೆ ಕೊಡಿ ಎಂದು ಕೈಗಿಟ್ಟರು. ಈರುಳ್ಳಿ ಬುಟ್ಟಿಯ ತಳಕ್ಕೆ ಹಾಸಿದೆ. ಕಾಗದ ದಪ್ಪಗಿತ್ತು, ಚೆನ್ನಾಗಿ ಕೂತಿತು.

ಮಾರನೆಯ ಬೆಳಿಗ್ಗೆ ಅವಳು ಬುಟ್ಟಿ ಇಳಿಸುವ ಮೊದಲೇ ಕೇಳಿದೆ, "ಆ ಎಲೆ ಅಡಿಕೆ ಏನು ಮಾಡ್ದೆ?"

"ಲೈಟ್ ಆರ್ಸಿದ್ ಮೇಲೆ ಒಬ್ಬ ಬಂದು ಕೈಯಿಂದ ತಕಂಡು ಓದ. ನನ್ ಗಂಡನ್ ಕೈದೂ ತಕಂಡ. ದೇವ್ರ ಮುಂದೆ ಇಟ್ಟು ತಿರ್ಗಾ ಕೊಡ್ತಾರೇನೋ ಅಂತ ಕಾದೆ. ಕೊಡ್ನಿಲ್ಲ."

"ಇದನ್ನ ನಿಮ್ಮೂರಲ್ಲಿ ಯಾರಿಗಾದ್ರೂ ಹೇಳಿದ್ಯಾ?"

"ಏನಂತ ಏಳೋದು? ನಾಚಿಕೆ."

ಅವಳ ದೊಡ್ಡಪ್ಪ ಊರಿನ ನ್ಯಾಯಕ್ಕೆ ಕೂರುವವರು. ನಮ್ಮ ವರಾಂಡದಿಂದಲೇ ಫೋನು ಮಾಡಿಸಿದೆ, ಸ್ಪೀಕರ್ ಹಾಕಿ. ಅವಳು ತಡವರಿಸುತ್ತಾ ಹೇಳಿದಳು. ಮೇಕೆಯ ಸದ್ದಿನ ನಡುವೆ ದೊಡ್ಡಪ್ಪನ ದನಿ ಬಂತು.

"ಕೊಟ್ಟೋರೇ ತಿರ್ಗಾ ತಕಂಡ್ರಾ?"

"ಊಂ ದೊಡ್ಡಪ್ಪಾ."

"ಅವ್ನ್ ಕೈದೂ ತಕಂಡ್ರಾ?"

"ಊಂ."

"ಥೂ, ಅವ್ನೆಂಥಾ ಯಜಮಾನ. ಕೊಟ್ಟಿದ್ನ ಕಿತ್ಕೊಂಡ್ ಮೇಲೆ ಆ ಮಾತ್ಗೇನೈತೆ ಬೆಲೆ? ಅಂಗೆ ನಾನ್ ಮಾಡಿದ್ರೆ ಕಟ್ಟೆ ಮ್ಯಾಲಿಂದ ಎಳೆದ್ ಆಕ್ತಿದ್ರು. ಇಷ್ಟ್ ದಿನ ಬಾಯಾಗೇನ್ ಮಡಿಕ್ಕೊಂಡಿದ್ದೆ ನೀನು? ಓಗು, ಕೋರ್ಟಿಗ್ ಓಗು. ಯಾರಾನ ಕೇಳಿದ್ರೆ ನಾನ್ ಏಳ್ದೆ ಅನ್ನು."

ಅವಳು ಫೋನಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಆವತ್ತು ಸೊಪ್ಪು ಮಾರಲು ಮುಂದೆ ಹೋಗಲಿಲ್ಲ. ಬುಟ್ಟಿ ನಮ್ಮ ಮನೆಯಲ್ಲಿಟ್ಟು ಇಬ್ಬರೂ ಬಂಗಾರಪೇಟೆ ಬಸ್ಸು ಹತ್ತಿದೆವು. ಸರ್ಕಾರದಿಂದ ಅವಳಿಗೆ ಕೊಟ್ಟಿದ್ದ ವಕೀಲೆ ಬೈದರು, ಸರಿಯಾಗಿಯೇ ಬೈದರು. ಎರಡು ವಾಯಿದೆ ಗೈರಾಗಿದ್ದಕ್ಕೆ ಕೇಸು ವಜಾ ಆಗುವುದರಲ್ಲಿತ್ತು, ಕೊನೆಯ ಅವಕಾಶವೆಂದು ಆ ವಾರದಲ್ಲೇ ಒಂದು ದಿನ ಕೊಟ್ಟಿದ್ದರು.

ಆ ದಿನ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಜಡ್ಜು ಹೆಂಗಸು, ತಲೆ ಬಗ್ಗಿಸಿ ಬರೆಯುತ್ತಲೇ ಇದ್ದರು. ಯಾಕಮ್ಮ ಬರಲಿಲ್ಲ ಎಂದು ಕೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ. ಇವಳು ಟೀವಿಯಿಂದ ಶುರುಮಾಡಿ ಎಲೆ ಅಡಿಕೆ, ದೊಡ್ಡಪ್ಪ, ಎಲ್ಲ ಹೇಳಿದಳು. ಗುಮಾಸ್ತನೊಬ್ಬ ಕಿಸಕ್ಕೆಂದ. ಜಡ್ಜು ಪೆನ್ನು ಕೆಳಗಿಟ್ಟು, ಅವಳು ನಿಲ್ಲಿಸುವವರೆಗೆ ಕೇಳಿದರು. ಆಮೇಲೆ ಗಂಡನ ಕಡೆಯ ವಕೀಲರಿಗೆ, ಮುಂದಿನ ವಾಯಿದೆಗೆ ಮಗು ಇಲ್ಲಿರಬೇಕು ಎಂದರು.

ಆ ವಾಯಿದೆಗೂ ನಾನು ಜೊತೆಗೆ ಹೋದೆ, ಮಗು ಬಂತು. ಇಷ್ಟು ದಿನ ಬಿಟ್ಟು ನೋಡಿದ್ದಕ್ಕೋ ಏನೋ, ಅಜ್ಜಿಯ ಸೀರೆ ಹಿಡಿದುಕೊಂಡು ಕಂಬದ ಪಕ್ಕ ನಿಂತುಬಿಟ್ಟಿತು. ಇವಳು ಜಗಲಿಯ ನೆಲದ ಮೇಲೆ ಕೂತು ಕರೆಯದೆ ಕಾದಳು.

"ಪೋನಾಗೆ ಅಜ್ಜಿ ತೋರಿಸ್ತಾಳಲ್ಲ," ಎಂದಿತು ಮಗು, "ಟೀವಿಯಾಗೆ ಅಳ್ತಿದ್ದೋಳು ನೀನೇನಾ?"

"ಊಂ ಕಣಮ್ಮಿ, ನಾನೇ."

"ಆ ಮೀಸೆಯೋನು ಅಷ್ಟು ಬೈದ್ನಲ್ಲ. ನೀನ್ಯಾಕೆ ತಿರ್ಗಾ ಬೈನಿಲ್ಲ?"

"ಅವ್ನು ಮಾತಾಡಕ್ಕೇ ಬಿಡ್ನಿಲ್ಲ."

ಮಗು ಅಜ್ಜಿಯ ಸೀರೆ ಬಿಟ್ಟು ಬಂದು, ಮುಟ್ಟದ ಹಾಗೆ ಸ್ವಲ್ಪ ಜಾಗ ಬಿಟ್ಟು ಪಕ್ಕದಲ್ಲಿ ಕೂತು, "ಈಗ ಮಾತಾಡು" ಎಂದಿತು.