ಹಾಡುಗಾರನಿಗೆ ಸನ್ಮಾನ, ಸಮಯವಿದ್ದರೆ ಗಾಯನ

ಕಳೆದ ಶನಿವಾರ ನಾವೆಲ್ಲ ಸೇರಿ ಒಬ್ಬ ಮನುಷ್ಯನಿಗೆ ಎರಡೂವರೆ ಗಂಟೆ ಸನ್ಮಾನ ಮಾಡಿದೆವು. ಗಾಬರಿಯಾಗಬೇಡಿ, ಅವರು ಕ್ಷೇಮವಾಗಿದ್ದಾರೆ. ಭಾನುವಾರ ಡ್ಯೂಟಿಗೂ ಬಂದರು. (ಸೌದಿಯಲ್ಲಿ ವಾರ ಶುರುವಾಗುವುದು ಭಾನುವಾರ. ನಿಮ್ಮ ಸೋಮವಾರದ ಸಂಕಟ ನಮಗೆ ಒಂದು ದಿನ ಮೊದಲೇ.)

ಅವರ ಹೆಸರು ಕಾರ್ಲ್‌ಟನ್. ಊರು ಜಮೈಕಾದ ಕಿಂಗ್‌ಸ್ಟನ್. ಇಲ್ಲಿಯ ರಾಬಿಗ್ ಊರಿನಲ್ಲಿ ನಾನಿರುವ ಪೆಟ್ರೋಕೆಮಿಕಲ್ ಪ್ಲಾಂಟಿನ ಟ್ರೈನಿಂಗ್ ಸೆಂಟರಿನಲ್ಲಿ ಸೇಫ್ಟಿ ಪಾಠ ಹೇಳುತ್ತಾರೆ. ನಾನು ಅಲ್ಲಿಯ ಕಾಗದಪತ್ರ ಕಾಯುವವಳು. ಯಾರು ಕ್ಲಾಸಿಗೆ ಬಂದರು, ಯಾರು ಬಂದು ನಿದ್ದೆ ಮಾಡಿದರು ಎಂಬುದೆಲ್ಲ ನನ್ನ ಫೈಲಿನಲ್ಲಿರುತ್ತದೆ.

ಹೊಸದಾಗಿ ಬಂದ ಕೆಲಸಗಾರರಿಗೆ ಮೊದಲು ಕಲಿಸುವುದು ವಿಷಾನಿಲದ ಪಾಠ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಓಡಬೇಕು. ವಾಸನೆ ನಿಂತರೆ ಇನ್ನೂ ಜೋರಾಗಿ ಓಡಬೇಕು, ಯಾಕೆಂದರೆ ಆಗ ಹೋಗಿರುವುದು ಅಪಾಯವಲ್ಲ, ಮೂಗು. ಇದನ್ನು ಬೇರೆಯವರು ಹೇಳಿದಾಗ ಹಿಂದಿನ ಎರಡು ಸಾಲು ಆಕಳಿಸುತ್ತದೆ. ಕಾರ್ಲ್‌ಟನ್ ಹೇಳಿದಾಗ ನಲವತ್ತು ಜನ ಹೆಲ್ಮೆಟ್ ಕುಟ್ಟುತ್ತಾರೆ. ಅವರು ಪಾಠವನ್ನು ತಾಳಕ್ಕೆ ಕೂರಿಸಿಬಿಟ್ಟಿದ್ದರು. ಗಾಳಿ ಎತ್ತ ಬೀಸಿದೆ ನೋಡು, ಅದಕ್ಕೆ ಅಡ್ಡ ಓಡು, ಗೆಳೆಯ ಬಿದ್ದನೆಂದು ಒಬ್ಬನೇ ಹಿಂದೆ ಹೋಗಬೇಡ. ಬಿಹಾರದವರೂ ಬಾಂಗ್ಲಾದವರೂ ಒಟ್ಟಿಗೆ ಕೋರಸ್ ಹಾಡುತ್ತಿದ್ದರು.

"ಸರ್, ಇದನ್ನೆಲ್ಲ ಎಲ್ಲಿ ಕಲಿತದ್ದು?" ಎಂದು ಕೇಳಿದೆ.

"ಕಲಿತದ್ದಲ್ಲ ಮೇಡಂ, ಬಿಟ್ಟದ್ದು" ಎಂದರು.

ಆಮೇಲೆ ಕತೆ ಹೊರಬಂತು. ನಮ್ಮ ಕಾರ್ಲ್‌ಟನ್ ಹತ್ತೊಂಬತ್ತನೇ ವಯಸ್ಸಿನಲ್ಲಿ ‘ಪ್ರಿನ್ಸ್ ಟ್ಯಾಮರಿಂಡ್’ ಆಗಿದ್ದರಂತೆ. ಅಂದರೆ ಹುಣಸೆ ರಾಜಕುಮಾರ. ಅವರಮ್ಮ ಶಾಲೆಯ ಗೇಟಿನಲ್ಲಿ ಸಕ್ಕರೆ ಹಚ್ಚಿದ ಹುಣಸೆ ಉಂಡೆ ಮಾರುತ್ತಿದ್ದರಂತೆ, ಹಾಗಾಗಿ ಆ ಹೆಸರು. (ನಾವು ಅದಕ್ಕೆ ಉಪ್ಪು, ಮೆಣಸು, ಜೀರಿಗೆ ಹಾಕಿ ಕಡ್ಡಿಗೆ ಚುಚ್ಚುತ್ತೇವೆ ಎಂದೆ. ಆವತ್ತಿನಿಂದ ನನ್ನ ಮೇಲೆ ಗೌರವ ಹೆಚ್ಚಾಗಿದೆ.)

ಅವರು ಹಾಡುತ್ತಿದ್ದದ್ದು ಡಾನ್ಸ್‌ಹಾಲ್. ಹೆಸರಿನಲ್ಲಿ ಹಾಲ್ ಇದ್ದರೂ ನಡೆಯುವುದು ಹೆಚ್ಚಾಗಿ ಬಯಲಿನಲ್ಲೇ. ಗೋಡೆಯಷ್ಟೆತ್ತರ ಸ್ಪೀಕರ್ ಪೇರಿಸುತ್ತಾರೆ. ಒಬ್ಬ ತಾಳದ ರೆಕಾರ್ಡ್ ಹಾಕುತ್ತಾನೆ, ಅದರ ಮೇಲೆ ಹಾಡುಗಾರ ಮಾತಿನ ವೇಗದಲ್ಲಿ ಹಾಡುತ್ತಾನೆ. ಒಂದೇ ತಾಳಕ್ಕೆ ಇಪ್ಪತ್ತು ಜನ ಇಪ್ಪತ್ತು ಹಾಡು ಕಟ್ಟುತ್ತಾರಂತೆ. ಒಂದೇ ಹಿಟ್ಟಿನಲ್ಲಿ ಒಬ್ಬಳು ದೋಸೆ ಹೊಯ್ದರೆ ಇನ್ನೊಬ್ಬಳು ಪಡ್ಡು ಮಾಡುವುದಿಲ್ಲವೇ, ಹಾಗೆ. ಜನಕ್ಕೆ ಹಿಡಿಸಿತೋ, ಕೂಗಿ ಗಲಾಟೆ ಮಾಡುತ್ತಾರೆ. ಆಗ ಹಾಡನ್ನು ನಡುವೆಯೇ ನಿಲ್ಲಿಸಿ ಮೊದಲಿನಿಂದ ಶುರು ಮಾಡಬೇಕು. ನಮ್ಮ ಕಂಪನಿ ನಾಟಕದ ಒನ್ಸ್ ಮೋರ್ ಇದೆಯಲ್ಲ, ಅದೇ. ನಮ್ಮವರು ಹಾಡು ಮುಗಿಯುವ ತನಕ ಕಾಯುತ್ತಿದ್ದರು, ಅವರಿಗೆ ಅಷ್ಟೂ ತಾಳ್ಮೆಯಿಲ್ಲ.

ಕಾರ್ಲ್‌ಟನ್ ಅವರನ್ನು ಎತ್ತಿ ನಿಲ್ಲಿಸಿದ್ದು ಒಂದು ಆಡು. ಪಕ್ಕದ ಮನೆಯಾಕೆಯ ಚರ್ಚಿನ ಟೋಪಿಯನ್ನು ಆಡು ತಿಂದಿತು. ಆಕೆ ಗಂಡನ ಮೇಲೆ ಸಂಶಯಪಟ್ಟಳು, ಟೋಪಿಯನ್ನು ಯಾರಿಗೆ ಕೊಟ್ಟೆ ಹೇಳು ಎಂದು. ಗಂಡ ಆಡಿನ ಬಾಯಿ ತೆರೆದು ಸಾಕ್ಷಿ ಹುಡುಕಿದ. ಇಷ್ಟೇ ಹಾಡು. ಮೊದಲ ಪ್ರದರ್ಶನದಲ್ಲೇ ಏಳು ಸಲ ನಿಲ್ಲಿಸಿ ಮತ್ತೆ ಶುರುಮಾಡಿಸಿದರಂತೆ. ಆ ವರ್ಷ ಇಡೀ ದ್ವೀಪಕ್ಕೆ ದ್ವೀಪವೇ ಆ ಆಡನ್ನು ಹಾಡಿತು. ಲಂಡನ್ನಿಗೂ ಟೊರೊಂಟೊಗೂ ಹೋಗಿಬಂದರು.

ಎರಡನೇ ವರ್ಷ ಕತ್ತೆಯ ಮೇಲೆ ಹಾಡು ಕಟ್ಟಿದರು. ಓಡಲಿಲ್ಲ. ಮೂರನೆಯದು ಏಡಿ. ಜನ ಮತ್ತೆ ಆಡನ್ನೇ ಕೇಳಿದರು, ನಾಲ್ಕನೇ ವರ್ಷ ಅದನ್ನೂ ಕೇಳಲಿಲ್ಲ. ವೆಲ್ಡಿಂಗ್ ಕಲಿತರು, ಆಮೇಲೆ ಸೇಫ್ಟಿ ಸರ್ಟಿಫಿಕೇಟ್, ಆಮೇಲೆ ಇಕಾಮಾ, ಅಂದರೆ ಸೌದಿಯಲ್ಲಿರಲು ಪರವಾನಗಿ. ರಾಬಿಗ್‌ಗೆ ಬಂದು ಹನ್ನೊಂದು ವರ್ಷ.

ಇವರಿಗೊಬ್ಬಳು ಮಗಳು. ಹದಿನಾಲ್ಕು ವರ್ಷ, ಕಿಂಗ್‌ಸ್ಟನ್ನಿನಲ್ಲಿ ಅಜ್ಜಿಯ ಜತೆ ಇದ್ದಾಳೆ. ಅಪ್ಪ ಎಂದರೆ ಅವಳಿಗೆ ಫೋನಿನಿಂದ ಬರುವ ಎಚ್ಚರಿಕೆ. ಗ್ಯಾಸ್ ಆಫ್ ಮಾಡಿದೆಯಾ, ಸ್ಕೂಟರಿನಲ್ಲಿ ಹೋಗಬೇಡ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ. ಈ ಮನುಷ್ಯ ಸಾವಿರಾರು ಜನರನ್ನು ಕುಣಿಸಿದ್ದ ಎಂದರೆ ನಂಬುತ್ತಾಳೆಯೇ? ಆಡಿನ ಹಾಡು ಇಂಟರ್ನೆಟ್ಟಿನಲ್ಲಿ ಎಲ್ಲೂ ಇಲ್ಲ. ಫೋನಿನಲ್ಲಿ ಸಿಗದ್ದು ನಡೆದೇ ಇಲ್ಲ ಎಂಬುದು ಆ ವಯಸ್ಸಿನವರ ಸಿದ್ಧಾಂತ. "ಡ್ಯಾಡಿ, ಸುಳ್ಳು ಹೇಳಿದರೂ ಪರವಾಗಿಲ್ಲ, ಬೇರೆ ಪ್ರಾಣಿ ಹುಡುಕು" ಎಂದಿದ್ದಳಂತೆ. ಹೇಳುವಾಗ ಕಾರ್ಲ್‌ಟನ್ ನಕ್ಕರು. ನನಗೆ ನಗು ಬರಲಿಲ್ಲ.

ಇದೇ ಹೊತ್ತಿಗೆ ನಮ್ಮ ಕನ್ನಡ ಬಳಗದ ಅಧ್ಯಕ್ಷ ಮೂರ್ತಿಯವರ ಫೋನ್ ಬಂತು. ಮೈಸೂರಿನವರು, ಜಿದ್ದಾದಲ್ಲಿ ಅಕೌಂಟ್ಸ್ ಮ್ಯಾನೇಜರ್. ವಾರ್ಷಿಕೋತ್ಸವಕ್ಕೆ ಬರಬೇಕಿದ್ದ ಧಾರಾವಾಹಿ ನಟ ಕೈಕೊಟ್ಟಿದ್ದ. ಉಳಿದದ್ದು ನಾಲ್ಕೇ ದಿನ.

"ಮೇಡಂ, ಶಾಲು ಇದೆ, ಹಾರ ಇದೆ, ಪೇಟ ಇದೆ. ತಲೆ ಇಲ್ಲ" ಎಂದರು.

ತಲೆ ನನ್ನ ಬಳಿ ಇತ್ತು. ಹೇಳಿದೆ. ಮೂರ್ತಿಯವರಿಗೆ ಒಂದೇ ಅನುಮಾನ. "ಜಮೈಕಾದವರು ಅಂದ್ರೆ ಜಟೆ ಇರುತ್ತಲ್ವಾ? ಪೇಟ ಕೂರುತ್ತಾ?" ಪೂರ್ತಿ ಬೋಳು ಎಂದೆ. "ಸದ್ಯ" ಎಂದರು.

ಕಾರ್ಲ್‌ಟನ್ ಒಪ್ಪಿದರು. ಕೇಳಿದ್ದು ಒಂದೇ. ಆಡಿನ ಹಾಡು ಹಾಡುತ್ತೇನೆ, ಮೂರು ನಿಮಿಷ ಸಾಕು, ಯಾರಾದರೂ ವಿಡಿಯೋ ಮಾಡಿ ಕೊಡಬೇಕು, ಮಗಳಿಗೆ ಕಳಿಸಬೇಕು. ಮೂರ್ತಿಯವರಿಗೆ ಹೇಳಿದರೆ, "ಮೂರು ನಿಮಿಷ ಯಾಕೆ ಮೇಡಂ, ಮುಕ್ಕಾಲು ಗಂಟೆ ಹಾಡಲಿ" ಎಂದರು. ಎಷ್ಟು ದೊಡ್ಡ ಮನಸ್ಸು ನೋಡಿ. ಆಮೇಲೆ ಕಾರ್ಯಕ್ರಮ ಪಟ್ಟಿ ಬಂತು. ಹದಿನಾಲ್ಕನೇ ಐಟಂ: ಅತಿಥಿಗಳಿಂದ ಗಾಯನ. ಪಕ್ಕದಲ್ಲಿ ಆವರಣದೊಳಗೆ, ಸಮಯಾವಕಾಶವಿದ್ದಲ್ಲಿ.

ಅದನ್ನು ಓದಿದಾಗಲೇ ನನಗೆ ತಿಳಿಯಬೇಕಿತ್ತು.

ಶನಿವಾರ ಬೆಳಿಗ್ಗೆ ನನ್ನ ಕಾರಿನಲ್ಲೇ ಜಿದ್ದಾಕ್ಕೆ ಕರೆದೊಯ್ದೆ. (ಹಿಂದಿನ ಸೀಟಿನಲ್ಲಿ ನನ್ನ ಗಂಡ, ನಿದ್ದೆಯಲ್ಲಿ.) ಕಾರ್ಲ್‌ಟನ್ ಹೊಸ ಶರ್ಟ್ ಹಾಕಿದ್ದರು, ಜೇಬಿನಲ್ಲಿ ತಾಳದ ಪೆನ್ ಡ್ರೈವ್. ದಾರಿಯುದ್ದಕ್ಕೂ ಗುನುಗುತ್ತಿದ್ದರು. ಗಂಟಲಿಗೆ ಶುಂಠಿ ಅಗಿಯುತ್ತಿದ್ದರು. ವೇದಿಕೆ ಹತ್ತಿ ಇಪ್ಪತ್ತೈದು ವರ್ಷದ ಮೇಲಾಯಿತು, ಸಾಲು ಮರೆತರೆ ಎಂದು ಭಯ ಎಂದರು. ಐವತ್ತು ದಾಟಿದ ಅಷ್ಟು ದೊಡ್ಡ ಆಳಿನ ಬಾಯಲ್ಲಿ ಆ ಮಾತು ಕೇಳಿ, ಗಂಟಲಾದರೂ ಕೆಡದಿರಲೆಂದು ಎ.ಸಿ. ಆರಿಸಿದೆ.

ಜಿದ್ದಾದ ಶರಫಿಯಾ ಬಡಾವಣೆಯ ಹೋಟೆಲೊಂದರ ಮೇಲಿನ ಹಾಲ್. ಹತ್ತೂವರೆಗೆ ಶುರು, ಒಂದಕ್ಕೆ ಊಟ, ಒಂದೂವರೆಗೆ ಖಾಲಿ ಮಾಡಬೇಕು. ಯಾರದೋ ಮಗುವಿನ ಬರ್ತ್‌ಡೇ ಪಾರ್ಟಿ ಕಾದಿತ್ತು. ಪ್ರಾರ್ಥನೆ, ನಾಡಗೀತೆ, ಬ್ಯಾಟರಿ ದೀಪದ ಉದ್ಘಾಟನೆ (ಹಾಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಕಾರ್ಲ್‌ಟನ್ ಇದನ್ನು ಮನಸಾರೆ ಮೆಚ್ಚಿದರು). ಆಮೇಲೆ ಮೂರ್ತಿಯವರು ಮೈಕ್ ಹಿಡಿದು, "ನಾನು ಹೆಚ್ಚು ಮಾತಾಡುವುದಿಲ್ಲ" ಎಂದರು. ನಮ್ಮ ವೇದಿಕೆಗಳಲ್ಲಿ ಇದಕ್ಕಿಂತ ಭಯಂಕರವಾದ ಬೆದರಿಕೆ ಇನ್ನೊಂದಿಲ್ಲ. ಬಳಗದ ಇತಿಹಾಸ ಹೇಳಿದರು, ಸ್ಥಾಪಕರ ಇತಿಹಾಸ ಹೇಳಿದರು. ಮಾಜಿ ಅಧ್ಯಕ್ಷರು ಹಾಲಿ ಅಧ್ಯಕ್ಷರನ್ನು ಹೊಗಳಿದರು, ಹಾಲಿಯವರು ಮಾಜಿಯವರನ್ನು. ಮಕ್ಕಳು ಇಂಗ್ಲಿಷಿನಲ್ಲಿ ಬರೆದುಕೊಂಡ ಕನ್ನಡ ಪದ್ಯ ಓದಿದರು.

ಆಮೇಲೆ ಅತಿಥಿಗಳ ಕಿರು ಪರಿಚಯ. ಮಾಡಿದ್ದು ನಾನು.

ಐದು ನಿಮಿಷಕ್ಕೆಂದೇ ಬರೆದುಕೊಂಡಿದ್ದೆ, ನಂಬಿ. ಆದರೆ ಜಮೈಕಾ ಎಂದರೆ ಏನೆಂದು ಹೇಳಬೇಡವೇ? ಕಬ್ಬಿನ ಗದ್ದೆ ಬಂತು, ಕೂಲಿಗೆ ಹೋದ ಭಾರತೀಯರು ಬಂದರು, ಅವರ ಜತೆ ಹೋದ ಮಸಾಲೆ ಬಂತು. ಹುಣಸೆ ಉಂಡೆ ಹೇಳಿದೆ, ಜನ ನಕ್ಕರು. ದೋಸೆ ಹಿಟ್ಟು ಹೇಳಿದೆ, ಇನ್ನೂ ನಕ್ಕರು. ನಗು ಸಿಕ್ಕರೆ ನಾನು ಮೈಕ್ ಬಿಡುವವಳಲ್ಲ. ಆಡು ಟೋಪಿ ತಿಂದದ್ದನ್ನು ಅಭಿನಯಿಸಿಯೇ ತೋರಿಸಿದೆ. ಗಂಡ ಆಡಿನ ಬಾಯಿ ತೆರೆಯುವಾಗ ಚಪ್ಪಾಳೆ. ಇಳಿದು ಬಂದಾಗ ನನ್ನ ಗಂಡ, "ಇಪ್ಪತ್ತೇಳು ನಿಮಿಷ" ಎಂದರು. ನಾನದನ್ನು ಹೊಗಳಿಕೆ ಎಂದುಕೊಂಡೆ.

ಸನ್ಮಾನ ಆಮೇಲೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮಾನಪತ್ರ. ಪೇಟ ನಟನ ತುಂಬುಗೂದಲಿನ ಅಳತೆಯದು. ಕಾರ್ಲ್‌ಟನ್ ಬೋಳುತಲೆಯ ಮೇಲಿಂದ ಜಾರಿ ಹುಬ್ಬಿಗೆ ಬಂದು ನಿಂತಿತು. ಎದುರಿನವರನ್ನು ನೋಡಬೇಕಾದರೆ ಅವರು ಗದ್ದ ಮೇಲೆತ್ತಬೇಕು. ಇನ್ನೂರು ಫೋನುಗಳು ಮೇಲೆದ್ದವು. ಕಮಿಟಿಯವರು ಒಟ್ಟಿಗೆ, ಆಮೇಲೆ ಒಬ್ಬೊಬ್ಬರಾಗಿ, ಆಮೇಲೆ ಸಕುಟುಂಬ. ಪ್ರತಿ ಫೋಟೋ ಮುಗಿದಾಗಲೂ ಕಾರ್ಲ್‌ಟನ್ ಮೈಕ್ ಕಡೆ ಒಂದು ಹೆಜ್ಜೆ ಇಡುತ್ತಿದ್ದರು. ಪ್ರತಿ ಸಲವೂ ಯಾರೋ ತೋಳು ಹಿಡಿದು, "ಒನ್ ಮೋರ್ ಸರ್" ಎಂದು ಎಳೆದು ತರುತ್ತಿದ್ದರು. ಹಣ್ಣಿನ ಬುಟ್ಟಿಯ ಕೆಳಗೆ ಅವರ ಬೆರಳು ಪೆನ್ ಡ್ರೈವ್ ಹಿಡಿದುಕೊಂಡೇ ಇತ್ತು.

ಒಂದು ಗಂಟೆಗೆ ಮೂರ್ತಿಯವರು, "ಸಮಯದ ಅಭಾವದಿಂದ ನೇರವಾಗಿ ಊಟಕ್ಕೆ ಹೋಗೋಣ" ಎಂದು ಮೈಕ್ ಆಫ್ ಮಾಡಿದರು. ಕಾರ್ಲ್‌ಟನ್‌ಗೆ ಕನ್ನಡ ಬರುವುದಿಲ್ಲ. ಆದರೂ ಅರ್ಥವಾಯಿತು. ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡರು. ನಾನು ಬಗ್ಗಿ ಚಪ್ಪಲಿ ಹುಡುಕುವವಳಂತೆ ನಟಿಸಿದೆ. ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಊಟದ ಉಸ್ತುವಾರಿ ಭಟ್ಕಳದ ಮುಸ್ತಫಾ ಸಾಹೇಬರದು. ಶರಫಿಯಾದಲ್ಲಿ ಟೈಲರ್ ಅಂಗಡಿ ಇಟ್ಟು ಮೂವತ್ತು ವರ್ಷವಾಗಿದೆ. ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಕೊನೆಗೆ ಬಂದ ಕಾರ್ಲ್‌ಟನ್ ತಟ್ಟೆ ಹಿಡಿದಾಗ ಅವರು ನನ್ನತ್ತ ತಿರುಗಿ, "ಎಂತ ಮಾರಾಯ್ರೆ, ಇವರು ಹಾಡುದಿಲ್ವಾ? ನಾನು ಅದಕ್ಕೇ ಅಂಗಡಿ ಬಂದ್ ಮಾಡಿ ಬಂದದ್ದು" ಎಂದರು. ಅವರು ಉತ್ತರಕ್ಕೆ ಕಾಯಲಿಲ್ಲ. ಖಾಲಿ ಬಿರಿಯಾನಿ ಹಂಡೆಯನ್ನು ಬೋರಲು ಹಾಕಿ ಸೌಟಿನಿಂದ ಎರಡೇಟು ಕೊಟ್ಟು, "ಯಲ್ಲಾ ಸರ್, ಸ್ಟಾರ್ಟ್" ಎಂದರು.

ಕಾರ್ಲ್‌ಟನ್ ತಟ್ಟೆ ಕೆಳಗಿಟ್ಟರು. ಪೇಟವನ್ನು ಹಿಂದಕ್ಕೆ ತಳ್ಳಿದರು. ಶುರು ಮಾಡಿದರು.

ಏನು ಹೇಳಲಿ? ಮೈಕ್ ಇಲ್ಲ, ತಾಳದ ರೆಕಾರ್ಡ್ ಇಲ್ಲ, ಹಂಡೆ ಮತ್ತು ಒಂದು ಗಂಟಲು. ಎರಡನೇ ಸಾಲಿಗೆ ಆಡು ಟೋಪಿಗೆ ಬಾಯಿ ಹಾಕಿತು, ಹಾಲ್ ಹೋ ಎಂದಿತು. ಎಲ್ಲರಿಗಿಂತ ಮೊದಲು ಒನ್ಸ್ ಮೋರ್ ಎಂದು ಕೂಗಿದ್ದು ಮೂರ್ತಿಯವರು. ನಿಲ್ಲಿಸಿ ಮೊದಲಿನಿಂದ. ಮತ್ತೆ ಒನ್ಸ್ ಮೋರ್. ಅಜ್ಜಿಯೊಬ್ಬರು ಕೂತಲ್ಲೇ ಭುಜ ಕುಣಿಸುತ್ತಿದ್ದರು. ನಾಲ್ಕು ಸಲ ನಿಲ್ಲಿಸಿದರು, ಐದನೇ ಸಲ ಹಾಡು ಪೂರ್ತಿಯಾಯಿತು. ನನ್ನ ಕಣ್ಣು ಒದ್ದೆಯಾಗಿತ್ತು. ಕಾರ್ಲ್‌ಟನ್ ಬೆವರು ಒರೆಸಿಕೊಂಡು ನನ್ನ ಬಳಿ ಬಂದು, ಬಹಳ ಮೆಲ್ಲಗೆ, "ವಿಡಿಯೋ?" ಎಂದರು.

ನಾನು ನನ್ನ ಕೈ ನೋಡಿಕೊಂಡೆ. ಎಡಗೈಯಲ್ಲಿ ತಟ್ಟೆ, ಬಲಗೈ ಬಿಸಿಬೇಳೆ ಬಾತಿನಲ್ಲಿ. ಸುತ್ತ ನೋಡಿದೆ. ಇನ್ನೂರು ಜನರದ್ದೂ ಅದೇ ಕತೆ. ಎಂಜಲು ಕೈಯಲ್ಲಿ ಫೋನ್ ಮುಟ್ಟುವಷ್ಟು ಸಂಸ್ಕಾರಹೀನರು ನಮ್ಮಲ್ಲಿ ಒಬ್ಬರಾದರೂ ಇರಬಾರದಿತ್ತೇ? ಇರಲಿಲ್ಲ.

ಬಳಗದ ಗ್ರೂಪಿನಲ್ಲಿ ಹುಡುಕಿದೆ. ಶಾಲು ಹಾಕುವುದು ಆರು ಕೋನಗಳಿಂದ ಇತ್ತು. ಹಾಡು ಒಂದು ಸೆಕೆಂಡೂ ಇಲ್ಲ. "ಪರವಾಗಿಲ್ಲ ಮೇಡಂ, ನಾನು ಹಾಡಿದೆನಲ್ಲ, ನನಗೆ ಸಾಕು. ಅವಳಿಗೆ ಸಾಲದು, ಅಷ್ಟೇ" ಎಂದರು ಕಾರ್ಲ್‌ಟನ್. ಇದ್ದದ್ದರಲ್ಲಿ ಶಬ್ದ ಸ್ಪಷ್ಟವಾಗಿದ್ದ ವಿಡಿಯೋ ಆರಿಸಿ ಮಗಳಿಗೆ ಕಳಿಸಿದರು. ನನ್ನ ಗಂಡ ಮುತುವರ್ಜಿಯಿಂದ ತೆಗೆದದ್ದು, ಹಸಿರು ಸೀರೆಯುಟ್ಟ ನಾನು ಮಾಡಿದ ಕಿರು ಪರಿಚಯ. ಹಿಂದೆ ಕುರ್ಚಿಯಲ್ಲಿ ಕಾರ್ಲ್‌ಟನ್ ಕೈಕಟ್ಟಿ ಕೂತಿದ್ದಾರೆ.

ಭಾನುವಾರ ಆಫೀಸಿಗೆ ಬಂದವರೇ ಫೋನ್ ನನ್ನ ಮುಂದಿಟ್ಟರು. ಮಗಳ ಉತ್ತರ ಬಂದಿತ್ತು.

"ಡ್ಯಾಡಿ, ಪೂರ್ತಿ ನೋಡಿದೆ. ಹಾಗಾದರೆ ಹಾಡುಗಾರ ನೀನೋ, ಈ ಹಸಿರು ಸೀರೆಯ ಆಂಟಿಯೋ?"