ಖಾಲಿ ಇಡಬೇಕಾದ ಮಾಳಿಗೆ

ಸಾಯಗಾಂವದ ಆ ಓಣಿಯಲ್ಲಿ ಮೊದಲು ಸಿಮೆಂಟಿನ ಮಾಳಿಗೆ ಹಾಕಿಸಿದವನು ಹಿಟ್ಟಿನ ಗಿರಣಿಯ ಅಬ್ದುಲ ಅಜೀಜ. ಆಗ ಉಳಿದ ಮನೆಗಳ ಮೇಲೆ ಮಣ್ಣು, ಇಲ್ಲವೆ ತಗಡು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಅವನ ಮಾಳಿಗೆ ಏರುತ್ತಿದ್ದರು. ಹಾಸಿದ ಹಳೆಯ ಸೀರೆಗಳ ಮೇಲೆ ಸಂಡಿಗೆ, ಕೋಲುಗಳ ಮೇಲೆ ಶಾವಿಗೆ. ಅಜೀಜನ ಹೆಂಡತಿ ಫಕ್ರುನ್ನಿಸಾ ಕೈಯಲ್ಲೊಂದು ಕಡ್ಡಿ ಹಿಡಿದು ಕಾಗೆ ಓಡಿಸುತ್ತ ಕೂರುತ್ತಿದ್ದಳು. ಮಕ್ಕಳಿಲ್ಲದ ಆ ಮನೆಗೆ ಬೇಸಿಗೆಯೇ ಹಬ್ಬವಾಗಿತ್ತು.

ಅಜೀಜ ತೀರಿಕೊಂಡ ಮೇಲೆ ಗಿರಣಿ ನಿಂತಿತು. ಅಷ್ಟರಲ್ಲಿ ಎಲ್ಲರ ಮನೆಗೂ ಸಿಮೆಂಟು ಬಂದಿತ್ತು, ಅಂಗಡಿಗೆ ಮಷಿನ್ ಶಾವಿಗೆ ಬಂದಿತ್ತು. ಫಕ್ರುನ್ನಿಸಾ ರವಿಕೆ ಹೊಲಿಯತೊಡಗಿದಳು. ಹೆಂಗಸರು ಕಿಟಕಿಯಲ್ಲೇ ಬಟ್ಟೆ ಕೊಟ್ಟು, ಕಿಟಕಿಯಲ್ಲೇ ತೆಗೆದುಕೊಂಡು ಹೋಗುತ್ತಿದ್ದರು. ಬೀದರಿನ ತಮ್ಮ ಈದಿಗೆ ಫೋನ್ ಮಾಡುತ್ತಿದ್ದ. ಮೆಟ್ಟಿಲ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಆ ಬಾಗಿಲನ್ನು ಮತ್ತೆ ತೆಗೆಸಿದವನು ಭಾಲ್ಕಿಯ ಅನೀಲಕುಮಾರ. ಮದುವೆಗಳ ವಿಡಿಯೋ ತೆಗೆಯುತ್ತಿದ್ದ, ಬೆಂಗಳೂರಿನ ಒಂದು ಸುದ್ದಿ ಚಾನೆಲ್ಲಿಗೂ ಕೆಲಸ ಮಾಡುತ್ತಿದ್ದ. ಸಂಕ್ರಾಂತಿ ಮುಗಿದ ಮೇಲೊಂದು ದಿನ ಬಂದು, ಮಾಳಿಗೆಯ ನಾಲ್ಕೂ ಮೂಲೆಗೆ ನಿಂತು ನೋಡಿದ. ಎದುರಿಗೆ ರಸ್ತೆ, ರಸ್ತೆಯಾಚೆ ಮಾಜಿ ಮಂತ್ರಿ ವೈಜಿನಾಥಪ್ಪನವರ ಹೊಲ, ಹೊಲದ ನಡುವೆ ಬೇವಿನ ಗಿಡ, ಅದರ ಸುತ್ತ ಕಟ್ಟೆ.

“ಚಾಚಿ, ಸಾಹೇಬರಿಗಿ ಆರಾಮಿಲ್ಲ. ನಾಳೆ ಏನರೆ ಹೆಚ್ಚುಕಡಿಮಿ ಆದರ ಅವರ ಮಣ್ಣು ಮಾಡೂದು ಇದೇ ಹೊಲದಾಗ, ಆ ಗಿಡದ ಬಾಜೂಕ. ನಿಮ್ಮ ಮಾಳಗಿ ಮ್ಯಾಲಿಂದ ಸೀದಾ ಕಾಣತದ.”

“ಮನಶಾ ಇನ್ನಾ ಜೀವಂತ ಅದಾರಲ್ಲೋ.”

“ಅದಾರ್ರಿ. ನೂರು ವರ್ಷ ಇರಲಿ. ಆದರ ಟಿವಿಯವರು ಎಲ್ಲಾ ಮೊದಲೇ ನೋಡಿಟ್ಟಿರತಾರ.”

ಅವನು ಹೇಳಿದ. ಬೀದರಿನ ಮೈದಾನದಲ್ಲಿ ದರ್ಶನಕ್ಕೆ ಇಟ್ಟರೆ ಕ್ಯಾಮೆರಾ ಎಲ್ಲಿ, ಭಾಲ್ಕಿಯಲ್ಲಿ ಮೆರವಣಿಗೆ ತಿರುಗಿದರೆ ಯಾವ ಅಂಗಡಿಯ ಮೇಲೆ, ಇಲ್ಲಿ ಗಾಡಿ ಎಲ್ಲಿ ನಿಲ್ಲಬೇಕು, ಕರೆಂಟು ಹೋದರೆ ಯಾರ ಜನರೇಟರು. ಬೆಂಗಳೂರಿನಲ್ಲಿ ಸಾಹೇಬರ ಜೀವನಕಥೆಯನ್ನೂ ಆಗಲೇ ಮಾಡಿ ಇಟ್ಟಿದ್ದಾರೆ, ಕೊನೆಯ ತಾರೀಕು ಮಾತ್ರ ಬಿಟ್ಟಿದ್ದಾರೆ.

“ನಿಮ್ಮ ಮಾಳಗಿ ಖಾಲಿ ಇಡಬೇಕು, ಅಷ್ಟೇ. ಚಪ್ಪರ, ಕಾಳು, ಕಡಿ ಏನೂ ಬ್ಯಾಡ್ರಿ. ಯಾವ ಗಳಿಗ್ಯಾಗ ಬರತೇವೋ ಗೊತ್ತಿಲ್ಲ. ಮತ್ತ ಯಾರಿಗೂ ಹೇಳಬ್ಯಾಡ್ರಿ. ಸಾಹೇಬರ ಮಂದಿಗಿ ತಿಳಿದರ ನನ್ನ ಕಾಲು ಮುರೀತಾರ.”

ಅವನು ಚೀಲದಿಂದ ಮುಂಗಡ ತೆಗೆದ. ಫಕ್ರುನ್ನಿಸಾ ಕೈ ಚಾಚಲಿಲ್ಲ. ಬದುಕಿರುವ ಮನುಷ್ಯನ ಹೆಸರಿನಲ್ಲಿ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಆದರೆ ಬೇಡವೆಂದೂ ಹೇಳಲಿಲ್ಲ. ಎಷ್ಟೋ ವರ್ಷಗಳ ನಂತರ ಒಬ್ಬರಿಗೆ ಅವಳ ಮಾಳಿಗೆ ಬೇಕಾಗಿತ್ತು.

ಮುಂದಿನ ಸೋಮವಾರ ಬೆಂಗಳೂರಿನಿಂದ ಫೋನ್ ಬಂತು.

“ಅಮ್ಮಾ, ನಾನು ಮಲ್ಲೇಶ್ವರಿ ಅಂತ, ಚಾನೆಲ್ಲಿಂದ. ಟೆರೇಸ್ ಖಾಲಿ ಇದೆ ಅಲ್ವಾ?”

“ಹೌದ್ರಿ, ಖಾಲಿ ಅದರಿ.”

“ಒಂದ್ಸಲ ಮೇಲೆ ಹೋಗಿ, ರಸ್ತೆ ಕಡೆ ಮೂಲೆಯಲ್ಲಿ ನಿಂತ್ಕೊಂಡು ಫೋನಲ್ಲಿ ಸಿಗ್ನಲ್ ಎಷ್ಟು ಕಡ್ಡಿ ಬರುತ್ತೆ ಹೇಳ್ತೀರಾ?”

ಫಕ್ರುನ್ನಿಸಾ ಏರಿದಳು, ನಿಂತಳು, ಹೇಳಿದಳು. ಮಲ್ಲೇಶ್ವರಿ ಥ್ಯಾಂಕ್ಸ್ ಅಂದಳು. ಅಷ್ಟೇ. ಆದರೆ ಫೋನ್ ಮುಂದಿನ ಸೋಮವಾರವೂ ಬಂತು, ಅದರ ಮುಂದಿನ ಸೋಮವಾರವೂ. ಹೊಸ ವೈರು ಅಡ್ಡ ಬಂದಿದೆಯೇ, ಮೆಟ್ಟಿಲು ಗಟ್ಟಿಯಿದೆಯೇ, ಗಿಡ ಕಾಣುತ್ತದೆಯೇ. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳುವುದನ್ನು ಫಕ್ರುನ್ನಿಸಾ ಕಲಿತಳು. ಬೇವು ಎಲೆ ಉದುರಿಸಿದೆ, ಕಟ್ಟೆ ಪೂರ್ತಿ ಕಾಣುತ್ತದೆ. ಈಗ ಚಿಗುರು ಬಂದಿದೆ, ಎಡಗಡೆಯ ಕೊಂಬೆ ಸ್ವಲ್ಪ ಅಡ್ಡ. ಒಮ್ಮೆ ಮಲ್ಲೇಶ್ವರಿ ಕೆಮ್ಮಿದಳು. “ಹಸಿಸುಂಠಿ ಹಾಕಿ ಅದರಕಿನ ಚಾ ಕುಡೀರಿ, ಬೇಟಾ,” ಎಂದಳು ಇವಳು. ಅತ್ತ ನಗು ಕೇಳಿಸಿತು. “ಕುಡೀತೀನಿ ಅಮ್ಮಾ. ನಿಮ್ದು ಊಟ ಆಯ್ತಾ?” ಆ ಪ್ರಶ್ನೆ ಇಡೀ ವಾರಕ್ಕೆ ಸಾಕಾಯಿತು. ಸೋಮವಾರ ಬೆಳಿಗ್ಗೆ ಮಾಳಿಗೆ ಗುಡಿಸಿ, ನೀರು ಚಿಮುಕಿಸಿ, ಫೋನನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟುಕೊಂಡು ಕೂರತೊಡಗಿದಳು.

ಸಾಹೇಬರು ಆಸ್ಪತ್ರೆಯಿಂದ ಬಂದಾಗಲೆಲ್ಲ ಬೆಳಿಗ್ಗೆ ಹೊಲಕ್ಕೆ ಬರುತ್ತಿದ್ದರು. ಕೋಲೂರಿ ನಡೆದು, ಕ್ಯಾಮೆರಾ ನೋಡಬೇಕಾಗಿದ್ದ ಅದೇ ಜಾಗದಲ್ಲಿ, ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಒಂದು ದಿನ ರಸ್ತೆಯಲ್ಲಿ ನಿಂತು ತಲೆಯೆತ್ತಿದರು.

“ಏನ್ ಫಕ್ರುನ್ನಿಸಾ, ಈಗೀಗ ಮಾಳಗಿ ಮ್ಯಾಲೇ ಇರತಿ?”

“ಗಾಳಿಗಿ ಬಂದೀನ್ರಿ ಸಾಹೇಬರ.”

“ಗಾಳಿ ಛಲೋ ಅದ ಅಲ್ಲಿ. ಎಲ್ಲಾ ಕಾಣತದ,” ಎಂದು ನಕ್ಕು ಹೊರಟರು.

ಆ ದಿನ ನಮಾಜಿನಲ್ಲಿ ಅವಳು ಅವರ ಆಯುಷ್ಯಕ್ಕಾಗಿ ಬೇಡಿಕೊಂಡಳು. ಎದ್ದ ಮೇಲೆ, ಬೇಡಿಕೊಂಡದ್ದು ಅವರಿಗಾಗಿಯೋ ಸೋಮವಾರಕ್ಕಾಗಿಯೋ ಎಂದು ತನಗೇ ತಿಳಿಯದೆ, ನಮಾಜಿನ ಹಾಸು ಜಾನಮಾಜನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಯುಗಾದಿ ಕಳೆದು ಬಿಸಿಲು ಬಲಿತಾಗ ಪಕ್ಕದ ಮನೆಯ ಪುತಳಾಬಾಯಿ ಬಂದಳು. ಕಿಟಕಿಗಲ್ಲ, ಬಾಗಿಲಿಗೇ ಬಂದು ಒಳಗೆ ಕೂತಳು. ಮಗಳು ಕಾಜಲಳ ಮದುವೆ ಗೊತ್ತಾಗಿತ್ತು.

“ಆಪಾ, ಬೀಗರು ಕೈಶಾವಿಗಿನೇ ಬೇಕಂದಾರ. ನನ್ನ ಮಾಳಗಿ ಮ್ಯಾಲ ಖೋಲಿ ಕಟ್ಟಿ ಕೂತೀನಿ, ಜಾಗಾನೇ ಇಲ್ಲ. ನಿನ್ನ ಮಾಳಗಿ ಮ್ಯಾಲ ಹಾಕೋಣು. ಓಣ್ಯಾಗಿನ ಎಲ್ಲಾರೂ ಬರತಾರ. ನೀ ಮೊದಲಿನ ಹಂಗ ಕಾಗಿ ಹೊಡಿ, ಕೆಲಸ ಬ್ಯಾಡ ನಿನಗ.”

ಫಕ್ರುನ್ನಿಸಾಳ ಕೈಯಲ್ಲಿದ್ದ ಸೂಜಿ ನಿಂತಿತು. ವಾರಗಟ್ಟಲೆ ಮಾಳಿಗೆಯ ತುಂಬ ಹೆಂಗಸರು, ಹಿಟ್ಟಿನ ವಾಸನೆ, ನಗೆ. ಆದರೆ ಸಾಹೇಬರನ್ನು ಹಿಂದಿನ ದಿನವಷ್ಟೇ ಮತ್ತೆ ಬೀದರಿಗೆ ಒಯ್ದಿದ್ದರು. ಯಾವ ಗಳಿಗೆಯೋ ಗೊತ್ತಿಲ್ಲ ಎಂದಿದ್ದ ಅನೀಲ.

“ಈ ಸಲ ಆಗಲ್ಲ, ವೈನಿ.”

“ಯಾಕ?”

“ಮಾಳಗಿ… ಸೋರತದ. ರಿಪೇರಿ ಮಾಡಸಬೇಕು.”

ಪುತಳಾಬಾಯಿ ಅವಳ ಮುಖವನ್ನೇ ನೋಡಿದಳು. ಏನೋ ಕೇಳುವವಳಂತೆ ಇನ್ನೂ ಸ್ವಲ್ಪ ಹೊತ್ತು ಕೂತಳು. “ಬ್ಯಾರೆ ಏನರೆ ಅದ ಏನು ಆಪಾ?” ಎಂದಳು.

“ಏನಿಲ್ಲ.”

“ಆಯ್ತಪಾ. ನಿನ್ನ ಮಾಳಗಿ, ನಿನ್ನ ಮರ್ಜಿ.” ಎದ್ದು ಸೆರಗು ಕೊಡವಿಕೊಂಡು ಹೋದಳು.

ಓಣಿಯ ಆ ತುದಿಯಲ್ಲಿ ಮಹಮ್ಮದ ಇಸ್ಮಾಯಿಲನ ಮನೆಯ ಮೇಲೆ ಶಾವಿಗೆ ಹಾಕಿದರು. ಹಾಡು ಇಲ್ಲಿಯವರೆಗೂ ಕೇಳಿಸುತ್ತಿತ್ತು. ಫಕ್ರುನ್ನಿಸಾ ತನ್ನ ಗುಡಿಸಿದ ಮಾಳಿಗೆಯ ಮೇಲೆ ನಿಂತು, ದೂರದಲ್ಲಿ ಕೋಲುಗಳ ಮೇಲೆ ಬಿಳಿಯ ಎಳೆಗಳು ಗಾಳಿಗೆ ಅಲುಗುವುದನ್ನು ನೋಡಿದಳು. ಮದುವೆಗೆ ಕರೆ ಬಂತು. ಹೋಗಿ ಉಂಡು ಬಂದಳು. ಯಾರೂ ಏನೂ ಅನ್ನಲಿಲ್ಲ. ಅದರ ನಂತರ ರವಿಕೆಗಳು ಕಡಿಮೆಯಾದವು.

ಮಳೆ ಹಿಡಿದ ಮೇಲೊಂದು ನಸುಕಿನಲ್ಲಿ ಅನೀಲ ಫೋನ್ ಮಾಡಿದ. “ಚಾಚಿ, ಸಾಹೇಬರು ಹೋದ್ರು. ಬರಲಿಕತ್ತೀವಿ.”

ಬೆಳಕು ಹರಿಯುವಷ್ಟರಲ್ಲಿ ತಲೆಯ ಮೇಲೆ ದೊಡ್ಡ ಡಿಶ್ ತಟ್ಟೆ ಹೊತ್ತ ಟಿವಿ ಗಾಡಿ ಮನೆಯ ಮುಂದೆ ನಿಂತಿತ್ತು. ಹುಡುಗರು ಮೆಟ್ಟಿಲುದ್ದಕ್ಕೂ ಕೇಬಲ್ ಎಳೆದರು. ಕ್ಯಾಮೆರಾ ನಿಲ್ಲಿಸಬೇಕಾದ ಜಾಗಕ್ಕೆ ಬಿಳಿ ಟೇಪು ಅಂಟಿಸಿದರು. ಫಕ್ರುನ್ನಿಸಾ ಎಲ್ಲರಿಗೂ ಚಹಾ ಮಾಡಿದಳು. ಅನೀಲ ಕಿವಿಗೆ ಫೋನ್ ಹಚ್ಚಿಕೊಂಡು “ಹೂಂ ಮಲ್ಲೇಶ್ವರಿ ಮೇಡಂ, ಗಿಡ ಕ್ಲಿಯರ್ ಅದ ಮೇಡಂ” ಎನ್ನುತ್ತಿದ್ದ. ತನ್ನ ಕೈಗೂ ಒಮ್ಮೆ ಕೊಟ್ಟಾನು ಎಂದು ಅವಳು ಹತ್ತಿರವೇ ನಿಂತಳು. ಸಾಹೇಬರಿಗಾಗಿ ಅಳು ಬಂದಿತ್ತು. ಅದರೊಳಗೇ, ಮನೆ ತುಂಬಿದೆ ಎಂಬ ಸಣ್ಣ ಸಮಾಧಾನವೂ ಇತ್ತು.

ಚಹಾದ ಕಪ್ಪುಗಳು ಇನ್ನೂ ಕೈಯಲ್ಲಿರುವಾಗಲೇ ಬೀದರಿನಿಂದ ಸುದ್ದಿ ಬಂತು. ಔರಾದ ತಾಲೂಕಿನ ಎಕಂಬಾದಲ್ಲಿ ತಾವು ಕಟ್ಟಿಸಿದ ಶಾಲೆಯ ಆವರಣದಲ್ಲೇ ತಮ್ಮ ಮಣ್ಣಾಗಬೇಕೆಂದು ಸಾಹೇಬರು ಮಕ್ಕಳಿಗೆ ಹೇಳಿದ್ದರಂತೆ.

ಹುಡುಗರು ಕೇಬಲ್ ಸುತ್ತತೊಡಗಿದರು.

“ಅಲ್ಲಿ ಜಾಗ ಎಲ್ಲಿ ಸಿಗತದ ಈಗ ನಿಮಗ?” ಎಂದು ಫಕ್ರುನ್ನಿಸಾ ಕೇಳಿದಳು.

“ಅಲ್ಲೂ ಒಂದು ಮಾಳಗಿ ಹಿಡದಿಟ್ಟೀವ್ರಿ ಚಾಚಿ. ಎರಡೂ ಕಡಿ ತಯಾರಿ ಇರಬೇಕಲ್ಲ. ಮೇಡಂ ಆ ಮನಿಯವರಿಗೂ ಸೋಮವಾರಕ್ಕೊಮ್ಮೆ ಫೋನ್ ಮಾಡತಿದ್ದರು. ನಿಮಗ ಮಾಡಿದ ಮ್ಯಾಲ ಅವರಿಗಿ.” ಅವನು ಅವಸರದಲ್ಲಿದ್ದ. ಕಪ್ಪನ್ನು ಅವಳ ಕೈಗೆ ಕೊಟ್ಟು ಇಳಿದ.

ಸಂಜೆ ಅವಳು ಟಿವಿ ಹಚ್ಚಿದಳು. ಶಾಲೆಯ ಆವರಣ, ಜನ, ಹೂವು, ಮಳೆಗೆ ಹಿಡಿದ ಕೊಡೆಗಳು, ಎಲ್ಲವೂ ಎತ್ತರದಿಂದ ಸೀದಾ ಕಾಣುತ್ತಿದ್ದವು. ಕ್ಯಾಮೆರಾ ಒಮ್ಮೆ ಹೊರಳಿದಾಗ ಮಾಳಿಗೆಯ ಅಂಚು ಕಂಡಿತು. ತಲೆಯ ಮೇಲೆ ಸೆರಗು ಹೊದ್ದ ಒಬ್ಬಾಕೆ ಅಲ್ಲಿ ಕಪ್ಪುಗಳ ತಟ್ಟೆ ಹಿಡಿದು ನಿಂತಿದ್ದಳು. ಅವಳಿಗೂ ಊಟ ಆಯ್ತಾ ಎಂದು ಕೇಳಿರಬೇಕು, ಎಂದುಕೊಂಡಳು ಫಕ್ರುನ್ನಿಸಾ.

ಮರುದಿನ ಅವಳು ತಾನಾಗಿ ಪುತಳಾಬಾಯಿಯ ಮನೆಗೆ ಹೋದಳು. ಇನ್ನು ಮುಚ್ಚಿಡಬೇಕಾದದ್ದೇನೂ ಇರಲಿಲ್ಲ. ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಪುತಳಾಬಾಯಿ ಜೋಳ ಹಸನು ಮಾಡುತ್ತಿದ್ದಳು, ಮೊರ ನಿಲ್ಲಿಸಲಿಲ್ಲ.

“ಗೊತ್ತದ, ಆಪಾ.”

“ಗೊತ್ತದ?”

“ಆ ಅನೀಲ್ಯಾ ಮೊದಲ ನಮ್ಮ ಮನಿಗೇ ಬಂದಿದ್ದ. ಖೋಲಿ ಮ್ಯಾಲಿಂದ ಇನ್ನಾ ಛಲೋ ಕಾಣತದ ಅಂತ. ಜೀವಂತ ಮನಶಾನ ಮಣ್ಣಿಗಿ ಜಾಗ ಕೊಡಲ್ಲಪಾ ಅಂತ ಅಂದು ಕಳಿಸಿದೆ. ಓಣಿಗೆಲ್ಲಾ ಗೊತ್ತು. ಸಾಹೇಬರಿಗೂ ಗೊತ್ತಿತ್ತು. ‘ನಾ ಸಾಯೂದು ನೋಡಲಾಕ ಫಕ್ರುನ್ನಿಸಾನ ಮಾಳಗಿ ಬುಕ್ ಆಗ್ಯಾದ’ ಅಂತ ಕಟ್ಟಿ ಮ್ಯಾಲ ಕೂತು ನಗತಿದ್ದರು.”

ಫಕ್ರುನ್ನಿಸಾ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು.

“ಶಾವಿಗಿ ಕೇಳಲಾಕ ಬಂದ ದಿನ ನೀನೇ ಹೇಳತಿ ಅಂತ ಕೂತೆ. ಹೇಳಿದ್ದರ ಒಂದು ಮೂಲಿ ಬಿಟ್ಟು ಹಾಕತಿದ್ದೆವು, ಗಾಡಿ ಬಂದರ ಎತ್ತತಿದ್ದೆವು. ನೀ ಸೋರತದ ಅಂದಿ. ನಿನ್ನ ಗಂಡ ಹಾಕಸಿದ ಮಾಳಗಿ ಒಂದ ದಿನರೆ ಸೋರ್ಯಾದ?” ಮೊರ ಒಮ್ಮೆ ಕೇರಿದಳು. “ಹೋಗಲಿ. ಎಷ್ಟು ಕೊಟ್ಟರು?”

“ಏನೂ ತಗೊಂಡಿಲ್ಲ.”

ಈಗ ಮೊರ ನಿಂತಿತು. “ರೊಕ್ಕಾನೂ ತಗೊಂಡಿಲ್ಲ? ಮತ್ತ ಯಾಕ ಒಪ್ಪಿದಿ?”

ಫಕ್ರುನ್ನಿಸಾ ಜೋಳದ ರಾಶಿಯಿಂದ ಒಂದು ಹರಳು ಆರಿಸಿ ಹೊರಗೆ ಹಾಕಿದಳು. ಇನ್ನೊಂದು ಆರಿಸಿದಳು. “ಸುಮ್ಮನ,” ಎಂದಳು.

ಸೋಮವಾರ ಬಂತು. ಅವಳು ಎಂದಿನಂತೆ ಗುಡಿಸಲು ಏರಿದಳು, ಫೋನ್ ಸೆರಗಿನ ಗಂಟಿನಲ್ಲಿತ್ತು. ಟೇಪು ಮಳೆಗೆ ಅರ್ಧ ಎದ್ದಿತ್ತು. ರಸ್ತೆಯ ಕಡೆ ಮೂಲೆಯಲ್ಲಿ ನಿಂತಳು. ಮಳೆಗೆ ಬೇವು ಒತ್ತಾಗಿ ಬೆಳೆದು, ಎಡಗಡೆಯ ಕೊಂಬೆ ಕಟ್ಟೆಯನ್ನು ಪೂರ್ತಿ ಮರೆ ಮಾಡಿತ್ತು. ಮಲ್ಲೇಶ್ವರಿಗೆ ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು, ಫೋನ್ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬಗ್ಗಿ ಟೇಪನ್ನು ಕಿತ್ತು ಮಡಚಿಕೊಂಡು ಇಳಿದಳು.

ಮೆಟ್ಟಿಲ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ. ಶಾವಿಗೆಯ ದಿನಗಳು ಇನ್ನೂ ದೂರವಿದ್ದವು. ಬಾಗಿಲು ಗಾಳಿಗೆ ಬಡಿಯದಂತೆ ಅಜೀಜನ ಗಿರಣಿಯ ಹಳೆಯ ತೂಕದ ಕಲ್ಲನ್ನು ತಂದು ಅದಕ್ಕೆ ಒತ್ತಿಟ್ಟು, ಹೊಲಿಗೆ ಯಂತ್ರದ ಮುಂದೆ ಕೂತಳು.